ನೂರ ಅರವತ್ತೆಂಟು ಗ್ರಾಂ

ಗಾಂಧಿ ಬಜಾರಿನ ಒಳಗಲ್ಲಿಯಲ್ಲಿ ನನ್ನ ಅಂಗಡಿ,
ಇಬ್ಬರು ಕೂತರೆ ಮೂರನೆಯವನು ಮೆಟ್ಟಿಲ ಮೇಲೆ.
ಆ ಮೆಟ್ಟಿಲ ಕೆಳಗೆ, ಚರಂಡಿ ಚಪ್ಪಡಿಯ ಸಂದಿಯಲ್ಲಿ
ಕಂದು ನಾಯಿ ಐದು ಮರಿ ಹಾಕಿತು, ಮಾಘದ ಚಳಿಯಲ್ಲಿ.
ನಾಲ್ಕನ್ನು ಒಂದೊಂದಾಗಿ ಕಚ್ಚಿಕೊಂಡು
ಬಟ್ಟೆ ಅಂಗಡಿಯ ಹಿಂದಿನ ರಟ್ಟಿನ ರಾಶಿಗೆ ಸಾಗಿಸಿತು.
ಐದನೆಯದಕ್ಕೆ ಬರಲಿಲ್ಲ.

ಕಾದೆ. ಬೀಗ ಹಾಕಿ, ಮತ್ತೆ ತೆಗೆದು, ಕಾದೆ.
"ಉಳಿಯೋದನ್ನ ಮಾತ್ರ ಒಯ್ಯುತ್ತೆ, ಆಚಾರ್ರೇ,
ತಾಯಿಗೂ ಲೆಕ್ಕ ಬರುತ್ತೆ" ಅಂದ ಪಕ್ಕದ ಬಳೆ ಅಂಗಡಿಯ ಗಫೂರ.

ತಕ್ಕಡಿಗೆ ಹಾಕಿದ್ದು ತಮಾಷೆಗಲ್ಲ;
ಕೈಗೆ ಬಂದದ್ದನ್ನು ಮೊದಲು ತೂಗುವುದು ನಮ್ಮ ಕಸುಬಿನ ಚಟ.
ಗಾಜಿನ ಪೆಟ್ಟಿಗೆಯೊಳಗೆ, ತಟ್ಟೆಯ ಮೇಲೆ,
ನೆನೆದ ಕಾಲುಚೀಲದಂತೆ ಬಿದ್ದುಕೊಂಡಿತು.
ನೂರ ಅರವತ್ತೆಂಟು.
ಉಸಿರಾಡಿದಾಗ ಕೊನೆಯ ಅಂಕಿ ಅಲುಗುತ್ತಿತ್ತು.

ದನದಾಸ್ಪತ್ರೆಯ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು:
ಹಸುವಿನ ಹಾಲು ಬೇಡ, ಭೇದಿಯಾದೀತು. ಆಡಿನದು ತನ್ನಿ.
ಅಂಗಾತ ಮಲಗಿಸಿ ಕುಡಿಸಬೇಡಿ, ಹೊಟ್ಟೆ ಕೆಳಗಿರಲಿ.
ಮೊದಲು ಬೆಚ್ಚಗಾಗಲಿ, ಆಮೇಲೆ ಹಾಲು.
ಎರಡು ಗಂಟೆಗೊಮ್ಮೆ. ರಾತ್ರಿಯೂ.
ರಾತ್ರಿಯೂ, ಎಂದು ಎರಡು ಸಲ ಹೇಳಿದರು.

ಸೀಗೆಹಟ್ಟಿಯ ಜೈತುನ್‌ಬಿ ಕೇಳಿದಳು, ಎಷ್ಟು ಬೇಕು?
ಐವತ್ತು ಮಿಲಿ.
ಅಷ್ಟು ಸಣ್ಣ ಲೆಕ್ಕ ನಿಮ್ಮ ಅಂಗಡಿಯದು, ನಮ್ಮದಲ್ಲ,
ಎಂದು ಲೋಟ ತುಂಬಿಸಿದಳು.

ಬೆಸುಗೆಗೆ ಎಷ್ಟು ಉರಿ, ಕರಗಲು ಎಷ್ಟು,
ಕೆಂಡದ ಬಣ್ಣ ನೋಡಿ ಹೇಳಬಲ್ಲೆ.
ಹಾಲಿನ ಬಿಸಿ ಮಾತ್ರ ಈ ಬೆರಳಿಗೆ ತಿಳಿಯದು,
ನಲವತ್ತು ವರ್ಷ ಸುಟ್ಟುಕೊಂಡು ತುದಿಗಳು ಕೊರಡಾಗಿವೆ.
ಇಂಕ್ ಫಿಲ್ಲರಿನಿಂದ ಒಂದು ಹನಿಯನ್ನು
ರೆಪ್ಪೆಯ ಮೇಲೆ ಬಿಟ್ಟುಕೊಂಡು ನೋಡುತ್ತಿದ್ದೆ.
ಅತ್ತ ಹಾಗೆ ಕಾಣುತ್ತೀರಿ ಎಂದು ರತ್ನಮಾಲಾ ನಕ್ಕಳು.
ಎರಡನೆಯ ರಾತ್ರಿ ಅವಳೂ ಎದ್ದು ಕೂತಳು.
ಕುಡಿಸಿದ ಮೇಲೆ ಒದ್ದೆ ಹತ್ತಿಯಲ್ಲಿ ಕೆಳಹೊಟ್ಟೆ ಸವರಬೇಕು,
ತಾಯಿ ನೆಕ್ಕಿದ ಹಾಗೆ; ಇಲ್ಲದಿದ್ದರೆ ಉಚ್ಚೆಯೂ ಬಾರದು.
ಮೂಗುತಿಗೆ ಹರಳು ಕೂರಿಸುವ ಕೈ
ಇದಕ್ಕೂ ಆಗುತ್ತದೆಂದು ಅಪ್ಪ ಹೇಳಿರಲಿಲ್ಲ.

ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ:
ಸೋಮವಾರ ೧೬೮.
ಮಂಗಳವಾರ ೧೬೩.
ಬುಧವಾರ ೧೫೯. ಮತ್ತೆ ತೂಗಿದೆ, ೧೫೯.

ಸವಕಳಿ ನನಗೆ ಹೊಸದಲ್ಲ.
ಅರದ ಕೆಳಗೆ ಉದುರುತ್ತದೆ, ಮೂಸೆಗೆ ಅಂಟುತ್ತದೆ,
ನನ್ನ ನೆಲದ ಧೂಳನ್ನೂ ತೊಳೆದು ಬದುಕುವವರಿದ್ದಾರೆ.
ಈ ತಟ್ಟೆಯ ಮೇಲಿಟ್ಟ ಯಾವುದೂ
ಮರುದಿನ ಒಂದು ಗುಲಗಂಜಿ ಹೆಚ್ಚು ತೂಗಿದ್ದನ್ನು ಕಂಡಿಲ್ಲ.
ಹೆಚ್ಚಿದರೆ, ಯಾರೋ ಬೆರಕೆ ಮಾಡಿದ್ದಾರೆ.

ಬುಧವಾರ ರಾತ್ರಿ ಬಾಯಿ ಬಿಡಲಿಲ್ಲ.
ತಣ್ಣಗಾಗಿದೆ ಎಂದು ಬೆರಳಿಗಲ್ಲ, ತುಟಿಗೆ ಗೊತ್ತಾಯಿತು.
ಊದುಗೊಳವೆಯಲ್ಲಿ ಕೂದಲೆಳೆಯ ಜ್ವಾಲೆ ನಿಲ್ಲಿಸುವ ಉಸಿರನ್ನು
ಕೊಳವೆಯಿಲ್ಲದೆ, ಅದರ ಮೂಗಿನ ಮೇಲೆ,
ತೀರಾ ಸಣ್ಣಗೆ ಊದಿದೆ.
ಸರಿಯೋ ತಪ್ಪೋ, ಡಾಕ್ಟರಮ್ಮನನ್ನು ಇವತ್ತಿಗೂ ಕೇಳಿಲ್ಲ.
ಆಮೇಲೆ ಅಂಗಿಯೊಳಗೆ ಹಾಕಿಕೊಂಡೆ, ಜನಿವಾರದ ಪಕ್ಕ.
ಹೊರಗೆ ಹಮಾಲರು ಬೆಳ್ಳುಳ್ಳಿ ಮೂಟೆ ಇಳಿಸುವ ಸದ್ದು.
ಮೂರೂಕಾಲಕ್ಕೆ ಏನೋ ನನ್ನ ಗುಂಡಿಯನ್ನು ಚೀಪಿತು.

ಗುರುವಾರ ೧೫೯.
ಶುಕ್ರವಾರ ೧೬೬.

ಅದೇ ಸಂಜೆ ಒಬ್ಬಾಕೆ ಸರ ಮಾರಲು ಬಂದರು.
ಹನ್ನೆರಡು ಗ್ರಾಂ ನಾನೂರ ಮೂವತ್ತು ಮಿಲಿ.
ಸರ ತೆಗೆದರೂ ಅಂಕಿ ಸೊನ್ನೆಗೆ ಬರಲಿಲ್ಲ:
ಅಂಚಿನಲ್ಲಿ ಒಣಗಿದ ಹಾಲು, ಮೂವತ್ತು ಮಿಲಿಗ್ರಾಂ.
ಒರೆಸಿ ಮತ್ತೆ ತೂಗಿದೆ.
ಇಳೀತಲ್ಲ, ಎಂದರು ಆಕೆ, ಮುಖ ಸಣ್ಣದು ಮಾಡಿ.
ಅದು ನಾಯಿಮರಿಯದು ಎಂದೆ.
ಮೊದಲಿನ ತೂಕಕ್ಕೇ ದುಡ್ಡು ಎಣಿಸಿದೆ.

ಹದಿನೈದಕ್ಕೆ ಕಣ್ಣು ಬಿಟ್ಟಿತು, ಮೋಡದ ನೀಲಿ.
ಇಪ್ಪತ್ತೆರಡನೆಯ ದಿನ ತಟ್ಟೆಯ ಮೇಲೆ ನಿಲ್ಲಲೇ ಇಲ್ಲ,
ಅಂಕಿಗಳು ಓಡಿ ಓಡಿ
ಮುನ್ನೂರು ದಾಟಿ, ಬರೀ ಅಡ್ಡಗೆರೆಗಳಾದವು.
ನನ್ನ ತಕ್ಕಡಿಗೆ ಅಷ್ಟೇ ಗೊತ್ತು.

"ಗುಂಜಿ ಎಷ್ಟಾಯ್ತು?" ಒಳಗಿನಿಂದ ರತ್ನಮಾಲಾ.
ಗೊತ್ತಿಲ್ಲ ಕಣೆ ಎಂದೆ,
ಈರುಳ್ಳಿ ಅಂಗಡಿಗೆ ಒಯ್ಯಬೇಕು.