ಹಿಂದೆ ನಿಂತವರಿಗೆ

ಮೂರನೇ ಗೇಟು ನನ್ನದಾಗಿತ್ತು.
ಅಗಲ ಹನ್ನೆರಡಡಿ; ಅದರಲ್ಲಿ ನಾಲ್ಕಡಿಯನ್ನು
ಸಂಜೆಯೇ ಐಸ್‌ಕ್ಯಾಂಡಿಯವನ ಗಾಡಿ ತಿಂದಿತ್ತು.
ಸರಿಸು ಅಂದೆ. ಸರಿಸ್ತೆ ಅಕ್ಕಾ ಅಂದ.
ಕಾರವಾರದಲ್ಲಿ ಮಾತಿಗೆ ತಪ್ಪುವವರು ಕಡಿಮೆ,
ಮರಳಲ್ಲಿ ಹೂತ ಗಾಲಿ ಮಾತ್ರ ಮಾತು ಕೇಳುವುದಿಲ್ಲ.

ಗೃಹರಕ್ಷಕ ದಳದ ಖಾಕಿ, ದಿನಕ್ಕಿಷ್ಟು ಎಂದು ಭತ್ಯೆ.
ಎದೆಯ ತಗಡಿನಲ್ಲಿ ಶೇವಂತಿ ಬಾನಾವಳಿ,
ಬಾಯಲ್ಲಿ ಸೀಟಿ, ಕೈಯಲ್ಲಿ ಬೆತ್ತ,
ತಲೆಯಲ್ಲಿ ಸಾಹೇಬರ ಒಂದೇ ಮಾತು:
‘ಎಂಟಕ್ಕೆ ಮುಚ್ಚು. ಆಮೇಲೆ ಒಂದು ನರಪಿಳ್ಳೆಯನ್ನೂ ಬಿಡಬೇಡ.’

ಮುಚ್ಚಿದೆ.
ತಪ್ಪಿದ್ದು ಅಲ್ಲಿಯೇ.

ವೇದಿಕೆಯ ಮೇಲೆ ಮೊದಲ ಹಾಡು ಎದ್ದಿತು.
ಹಾಡು ಕೇಳಿಸಿತು, ಹಾಡುವವಳು ಕಾಣಲಿಲ್ಲ.
ಹಿಂದಿನವರಿಗೆ ಅಷ್ಟೇ ಸಾಕಿತ್ತು.
ಯಾರೂ ನೂಕಲಿಲ್ಲ. ಇದನ್ನು ಬರೆದುಕೊಳ್ಳಿ.
ಒಬ್ಬೊಬ್ಬರೂ ಅರ್ಧ ಹೆಜ್ಜೆ ಮುಂದಿಟ್ಟರು,
ಸಭ್ಯವಾಗಿ, ಮಗುವನ್ನು ಹೆಗಲಿಗೇರಿಸಿ,
ಶೇಂಗಾ ಸಿಪ್ಪೆ ಊದುತ್ತ.
ಆ ಸಾವಿರ ಅರ್ಧ ಹೆಜ್ಜೆಗಳ ಮೊತ್ತ
ನನ್ನ ಪಕ್ಕೆಲುಬಿನ ಮೇಲೆ ಬಿತ್ತು.

ಜನ ಜನವಾಗಿ ಉಳಿಯುವುದು
ಮೈಗೂ ಮೈಗೂ ನಡುವೆ ಅಂಗೈ ಹೋಗುವತನಕ.
ಆಮೇಲೆ ಅದು ನೀರು.
ಬಲತುದಿಯಲ್ಲಿ ಯಾರೋ ಕೆಮ್ಮಿದರೆ
ಎಡತುದಿಯ ಮುದುಕಿ ಓಲಾಡುತ್ತಾಳೆ.
ನನ್ನ ಬೂಟು ನೆಲ ಬಿಟ್ಟದ್ದು ಆಗಲೇ.
ನಾನು ನಿಂತಿರಲಿಲ್ಲ; ಜನ ನನ್ನನ್ನು ನಿಲ್ಲಿಸಿಕೊಂಡಿದ್ದರು.

ಸೀಟಿ ಊದಿದೆ.
ಸೀಟಿಗೆ ಬರುವುದು ಒಂದೇ ಶಬ್ದ.
ಮುಂದಿನವನಿಗೆ ಅದು ‘ನಿಲ್ಲು’,
ಹಿಂದಿನವನಿಗೆ ‘ಗೇಟು ತೆರೆಯಿತು’.
ಮತ್ತೆ ಅರ್ಧ ಹೆಜ್ಜೆ.

ಒಂದು ಗೇಣು ದೂರದಲ್ಲಿ ಒಬ್ಬ ಹುಡುಗಿಯ ಮುಖ.
ತುಟಿ ನೀಲಿ. ಕೂಗುತ್ತಿರಲಿಲ್ಲ;
ಕೂಗಲು ಬೇಕಾದ ಉಸಿರು ಆಗಲೇ ಖರ್ಚಾಗಿತ್ತು.
ಕೈ ಎದೆಗೆ ತಾ, ಅಂದೆ, ಮುಷ್ಟಿ ಕಟ್ಟು,
ನಿನ್ನ ಮುಂದೆ ನಿನಗೊಂದಿಷ್ಟು ಜಾಗ ಇಟ್ಟುಕೊ.
ಹತ್ತು ದಿನದ ತರಬೇತಿಯಲ್ಲಿ ಅದೊಂದೇ ನೆನಪಾಯಿತು.

ಅಪ್ಪ ರಂಪಣಿ ಎಳೆದವನು.
ಬಲೆಯ ಹೊಟ್ಟೆಯಲ್ಲಿ ಬಂಗಡೆ ಒತ್ತಿ ತುಂಬಿದಾಗ ಹೇಳುತ್ತಿದ್ದ:
ಮೀನು ಬಲೆಯಿಂದ ಸಾಯುವುದಿಲ್ಲ ಮಗಾ,
ಮೀನಿನಿಂದ ಸಾಯುತ್ತದೆ.
ಎಳೆಯುವ ಕೈ ನೂರಿದ್ದರೂ
ದೂರ ನಿಂತು ಹೊಟ್ಟೆ ನೋಡುವವನು ಒಬ್ಬ ಬೇಕು.

ಆ ರಾತ್ರಿ ದೂರ ಇದ್ದವನು ಹೊನ್ನಪ್ಪ ಹರಿಕಂತ್ರ.
ಹಾಡಿಗೆ ಬಂದವನಲ್ಲ. ಗಾಳಿಮರದ ಕತ್ತಲಲ್ಲಿ,
ಎಲ್ಲರ ಬೆನ್ನ ಹಿಂದೆ, ಮಗುಚಿಟ್ಟ ದೋಣಿಯ ಮೇಲೆ
ಬೀಡಿ ಸೇದುತ್ತ ಕೂತಿದ್ದ.
ಅವನಿಗೆ ಕಂಡದ್ದು ತಲೆಗಳಲ್ಲ, ತಲೆಗಳ ಮೇಲೆ ಓಡಿದ ಅಲೆ.
ಗಾಳಿಯಿಲ್ಲದ ಕಡೆ ಅಲೆ ಎದ್ದರೆ
ಕೆಳಗೇನೋ ಇದೆ ಎಂದು ಬಲ್ಲವನು.
ದೋಣಿಯ ಮೇಲೆ ನಿಂತ. ರಂಪಣಿಯ ಗಂಟಲು ತೆಗೆದ:
‘ಸೋಡ್ ರೇ, ಸೋಡ್! ಫಾಟಿ ಸರಾ! ಸಡಿಲ ಬಿಡಿ, ಹಿಂದೆ ಬನ್ನಿ!’

ಮುಂದಿನವರಿಗಲ್ಲ. ಅವರೇನು ಮಾಡಿಯಾರು?
ಕಟ್ಟಕಡೆಯ ಸಾಲಿಗೆ ಕೂಗಿದ.
ಮೊದಲು ತಿರುಗಿದ್ದು ಮೀನುಪೇಟೆಯ ಹೆಂಗಸರು,
ಆ ಕೂಗನ್ನು ತೊಟ್ಟಿಲಲ್ಲೇ ಕೇಳಿದವರು.
ಯಾಕೆಂದು ಕೇಳದೆ ಎರಡು ಹೆಜ್ಜೆ ಹಿಂದಿಟ್ಟರು.
ಅವರ ಮುಂದಿದ್ದವರ ಬೆನ್ನಿಗೆ ತಂಪು ತಾಗಿತು,
ಅವರೂ ಸರಿದರು.
ಬೆನ್ನಿಂದ ಬೆನ್ನಿಗೆ ದಾಟುತ್ತ, ತಡೆಯುತ್ತ, ಮತ್ತೆ ದಾಟುತ್ತ
ಆ ತಂಪು ಹುಡುಗಿಯ ತನಕ ಬಂತು.
ಅವಳು ಉಸಿರೆಳೆದ ಸದ್ದು
ಅಷ್ಟು ದೊಡ್ಡ ಸ್ಪೀಕರಿನ ಹಾಡನ್ನೂ ಮೀರಿ ಕೇಳಿಸಿತು ನನಗೆ.
ಗೇಟು ತೆರೆದೆ. ಸಾಹೇಬರನ್ನು ಕೇಳಲಿಲ್ಲ.

ಮಾರನೆಯ ದಿನ ಪತ್ರಿಕೆಯಲ್ಲಿ ಜನಸಾಗರ, ಅದ್ದೂರಿ ತೆರೆ.
ಆಗದೇ ಹೋದದ್ದನ್ನು ಯಾರು ಅಚ್ಚು ಹಾಕುತ್ತಾರೆ?
ಮರಳಲ್ಲಿ ಎಣಿಸಿದೆ: ಅರುವತ್ತೊಂದು ಚಪ್ಪಲಿ,
ಜೋಡಿ ಕೂಡಿದ್ದು ಏಳೇ.
ಐಸ್‌ಕ್ಯಾಂಡಿಯವನು ಕಣ್ಣು ತಪ್ಪಿಸಿ ಗಾಲಿ ಅಗೆಯುತ್ತಿದ್ದ.

ಗೇಟು ತೆರೆದದ್ದೇಕೆಂದು ನೋಟೀಸು ಬಂದಿದೆ.
ಮೂರು ದಿನದೊಳಗೆ ಉತ್ತರ. ಬರೆಯಲು ಕೂತೆ:
‘ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ, ಸಾರ್.’
ಎರಡನೇ ಸಾಲು ಹೊಳೆಯುವ ಮೊದಲೇ
ತೋಳಿನ ಮಡಿಕೆಯಿಂದ ಮರಳು ಉದುರಿತು
ಕಾಗದದ ಮೇಲೆ.