ಒತ್ತು

ಬಂದರಿನ ಇದಿನಬ್ಬರು ಉಳಿಗಳನ್ನು
ಗೋಣಿಯ ಮೇಲೆ ಹರಡುತ್ತಾರೆ, ಬೂತಾಯಿ ಹರಡಿದ ಹಾಗೆ.
ಮೀನಿನದಾದರೆ ಕಿವಿರು ನೋಡುವುದು, ಲೋಲಾಕ್ಷಿ,
ಇದರದು ಬೆಸುಗೆ.
ಉಕ್ಕಿನ ಕೋಲಿಗೆ ಕಾರ್ಬೈಡಿನ ತುಂಡು ಕೂರುವಲ್ಲಿ
ಹಿತ್ತಾಳೆಯ ಗೆರೆ ಒಂದೇ ಸಮ ಹರಿದಿರಬೇಕು.
ಉಗುರು ಸಿಕ್ಕಿತೋ, ಕೆಳಗಿಡು.
ಅದು ಮೊದಲ ವಾರವೇ ಹಲ್ಲುದುರಿಸುವ ಜಾತಿ.
ಹೊಳಪು ನೋಡಬೇಡ, ಹೊಳೆಯುವುದು ಬಣ್ಣ.
ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೀಟು
(ಇದಿನಬ್ಬರು ನಗಲಿ,
"ಎಂತ ಆಚಾರ್ರೆ, ತೆಂಗಿನಕಾಯಿಯಾ?" ಎನ್ನಲಿ),
ಬಿರುಕಿದ್ದರೆ ದನಿ ಮುಚ್ಚಿಡುವುದಿಲ್ಲ.
ನಮ್ಮ ನೆಲ್ಲಿಕಾರು ಕಲ್ಲಿಗೆ ದಪ್ಪ ಬಾಯಿಯದೇ ಆಗಬೇಕು.
ತೆಳು ಬಾಯಿ ಚಂದ ಕೊರೆಯುತ್ತದೆ,
ಮಧ್ಯಾಹ್ನದ ತನಕ.
ಮೂರು ಸಾಕು. ನಾಲ್ಕನೆಯದಕ್ಕೆ ದುಡ್ಡಿಲ್ಲ.

ನನ್ನ ಮಾವ ಉಳಿ ಕೊಂಡವರಲ್ಲ.
ಜೀಪಿನ ಆಕ್ಸಲ್ ಕಡಿದು ತಟ್ಟಿದ್ದು,
ಕರಟದ ಕೆಂಡ, ತಿದಿ, ನೀರಿಗದ್ದಿದಾಗ ಚುಂಯ್.
ಬೆಳಿಗ್ಗೆ ನಲುವತ್ತು ಚೂಪು, ಸಂಜೆಗೆ ನಲುವತ್ತೂ ಮೊಂಡು,
ರಾತ್ರಿ ಪುನಃ ಕುಲುಮೆ.
ಮೊದಲ ಕಾರ್ಬೈಡ್ ಉಳಿ ತಂದುಕೊಟ್ಟಾಗ
ತಿರುಗಿಸಿ ತಿರುಗಿಸಿ ನೋಡಿ
"ಇದಕ್ಕೆ ಹಸಿವೆಯೇ ಇಲ್ಲವಲ್ಲ ಮಾರಾಯ" ಅಂದರು.
ಆಮೇಲೆ ಕೆಮ್ಮಿದರು.
ಆ ಕೆಮ್ಮು ಬೀಡಿಯದಲ್ಲ, ಕಲ್ಲಿನದು.
ಮೂಗಿಗೆ ಮಾಸ್ಕ್ ಕಟ್ಟದೆ ನೀನು ಕೂತರೆ
ನಾನು ಎದ್ದು ಹೋಗುತ್ತೇನೆ.

ಕಾರ್ಕಳದ ಶೆಡ್ಡಿನಲ್ಲಿ ಮಲಗಿದ ಕಲ್ಲು
ಕುಲಶೇಖರದ ಒಂದು ಸಮಾಧಿಯದು.
ಬೆನೆಡಿಕ್ಟಾ ಲೋಬೊ. ಕೆಳಗೆ ಎರಡು ವರ್ಷ, ಮಧ್ಯೆ ಅಡ್ಡಗೆರೆ.
"ಇಂಗ್ಲಿಷು ಬೇಡ," ಅಂದಿದ್ದರು ಮಗಳು ಹಿಲ್ಡಾ ಬಾಯಿ,
"ಅಮ್ಮನ ಪ್ರಾರ್ಥನೆಯ ಪುಸ್ತಕ ಈ ಲಿಪಿಯದೇ."
ಕಲ್ಲಿಗೆ ನೇರ ಗೆರೆ ಇಷ್ಟ.
ನಮ್ಮ ಅಕ್ಷರಕ್ಕೋ ಹೊಟ್ಟೆ, ತಲೆಕಟ್ಟು, ಕೊಂಬು,
ಎಲ್ಲಿ ನೋಡಿದರೂ ತಿರುವು.
ಬೆ ಆಯಿತು. ನೆ. ಡಿ.
ಆಮೇಲೆ ಕ, ಅದರಡಿ ಟ ಒತ್ತು.

ಬೀಡಿ ಎಲೆ ಕತ್ತರಿಸಿ ಪಳಗಿದ ನಿನ್ನ ಬೆರಳು
ಒಳಗೆ ಕೂತ ಚೂರನ್ನು ಎಬ್ಬಿಸಲಿಕ್ಕೆಂದು
ಉಳಿಯನ್ನು ಇಷ್ಟೇ ಇಷ್ಟು
ಅಡ್ಡ ಮೀಟಿತು.
ಟಿಕ್.

ಉಕ್ಕಾದರೆ ಬಾಗಿ ಹೇಳುತ್ತಿತ್ತು.
ಇದು ತಲೆಯ ಮೇಲೆ ನೇರ ಬಿದ್ದ ಪೆಟ್ಟು
ಎಷ್ಟಾದರೂ ತಿನ್ನುತ್ತದೆ, ದಿನವಿಡೀ,
ಅಡ್ಡಕ್ಕೆ ಒಂದು ಮಾತೂ ತಾಳುವುದಿಲ್ಲ.
ಒತ್ತಿನಲ್ಲಿ ಒತ್ತಬೇಡ ಅಂತ ಹೇಳಿದ್ದೆನಲ್ಲ?
ಹೇಳಿರಲಿಲ್ಲವೇನೋ.

ಸಾಸಿವೆಯಷ್ಟು ತುದಿ ಟದ ಹೊಟ್ಟೆಯೊಳಗೆ ಉಳಿಯಿತು.
ಕಲ್ಲಿಗಿಂತ ಗಟ್ಟಿ ಅದು.
ತೆಗೆಯಹೋದರೆ ಒತ್ತೇ ಹೋಗುತ್ತದೆ.
ನೀನು ಅತ್ತೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ,
ಮುರಿದ ಉಳಿ ಹಿಡಿದು ಹಸಿರು ಚಕ್ರದ ಮುಂದೆ ಕೂತೆ.
ಕೈ ಸುಡುವಷ್ಟು ಕಾದಿತು.
ಬಕೆಟ್ಟು ಪಕ್ಕದಲ್ಲೇ ಇತ್ತು, ಅದ್ದಲಿಲ್ಲ.
ನೀರು ಮುಟ್ಟಿದರೆ ಇದು ಸೀಳುತ್ತದೆ,
ಇದರ ಬಿಸಿ ತಾನಾಗಿ ಇಳಿಯಬೇಕು.
ಅದು ಇಳಿಯುವ ತನಕ ಇಬ್ಬರೂ ಸುಮ್ಮನೆ ಕೂತೆವು.

ಶನಿವಾರ ಹಿಲ್ಡಾ ಬಾಯಿ ಬಂದು
ಅಕ್ಷರಗಳ ಮೇಲೆ ಬೆರಳಾಡಿಸಿದರು.
ಒತ್ತಿನಲ್ಲಿ ಬೆರಳು ನಿಂತಿತು.
"ಇಲ್ಲೊಂದು ಎಂತದೋ ಮಿಂಚುತ್ತದಲ್ಲ?"
"ಕಾಗೆಬಂಗಾರ," ನನ್ನ ಬಾಯಿಂದ ಬಿದ್ದುಹೋಯಿತು.
ಮಾಸ್ಕ್ ಗಲ್ಲಕ್ಕೆ ಇಳಿಸಿ ನೀನು ಅಂದೆ:
"ಅಲ್ಲ ಬಾಯಿ. ಉಳಿಯ ತುದಿ. ನಾನು ಮುರಿದದ್ದು."

ಅವರು ಬಹಳ ಹೊತ್ತು ಅದನ್ನೇ ನೋಡಿದರು.
"ಅಮ್ಮನ ಸೊಂಟದಲ್ಲಿಯೂ ಒಂದು ಸ್ಕ್ರೂ ಇತ್ತು," ಅಂದರು,
"ಬಚ್ಚಲಿನಲ್ಲಿ ಜಾರಿದ ಮೇಲೆ ಹಾಕಿದ್ದು.
ಇರಲಿ."

ಸೋಮವಾರ ಬಂದರಿಗೆ ನೀನೊಬ್ಬಳೇ ಹೋಗು.
ಅಷ್ಟರಲ್ಲಿ ಬಲಗೈಯ ಹೆಬ್ಬೆರಳಿನ ಉಗುರು
ಸ್ವಲ್ಪ ಬೆಳೆಯಲಿ.