ಧ್ವನಿ ಸಹಾಯ

ನಮ್ಮೂರಲ್ಲೇ ತೆಗೆದ ಸಿನಿಮಾ ಅಂತ ಹೋದೆವು,
ನಾನು, ಗೌಸಿಯಾ ಭಾಬಿ, ಎರಡನೇ ಆಟಕ್ಕೆ.
ಒಳಗೆ ಒಂಬತ್ತು ಜನ.
ಅದರಲ್ಲಿ ಇಬ್ಬರು ಪರದೆ ನೋಡಲು ಬಂದವರಲ್ಲ.

ಒಂದೇ ರಾತ್ರಿಯ ಕತೆ.
ಪಿಯುಸಿ ಮುಗಿಸಿದ ಹುಡುಗ, ಪಿಯುಸಿ ಮುಗಿಸಿದ ಹುಡುಗಿ,
ಕೊನೆಯ ರೈಲು ತಪ್ಪಿ
ಬೆಳಗಿನ ತನಕ ದಾವಣಗೆರೆ ಸುತ್ತುತ್ತಾರೆ.
ಹುಬ್ಬಳ್ಳಿಗೆ ಅರ್ಧ ಗಂಟೆಗೊಂದು ಬಸ್ಸಿದೆ ಅಂತ
ಇಬ್ಬರಿಗೂ ಯಾರೂ ಹೇಳುವುದಿಲ್ಲ.
ಭಾಬಿ ಹೇಳಿದಳು, ಜೋರಾಗಿಯೇ.

ಅಶೋಕ ರಸ್ತೆಯ ಗೇಟು ದಾಟಿದವರು
ಮರುಗಳಿಗೆ ಕುಂದುವಾಡ ಕೆರೆಯ ಏರಿ ಮೇಲೆ.
ಕಾಲಿಗೆ ಧೂಳಿಲ್ಲ.
ಒಂದು ನಾಯಿ ಬೊಗಳಲಿಲ್ಲ.
ಬೀಟಿನ ಪೊಲೀಸು "ಯಾರ ಪೈಕಿನಪಾ?" ಅನ್ನಲಿಲ್ಲ.
ಅವಳ ಮನೆಯಿಂದ ಒಂದು ಫೋನು ಬರಲಿಲ್ಲ,
ಎಂಥಾ ಮನೆಯೋ ಅದು.
ರಾತ್ರಿ ಎರಡಕ್ಕೆ ಬೆಣ್ಣೆದೋಸೆ ಬೇರೆ ತಿಂದರು.
ಆಮೇಲೆ ಮಾತು. ನಕ್ಷತ್ರದ ಮಾತು, ಸಮಯದ ಮಾತು,
ಯಾರದೋ ಬಾಯಿಂದ ಕಡ ತಂದು
ತೀರಿಸಲಾಗದೆ ಒದ್ದಾಡುವ ಮಾತು.
ಮಧ್ಯಂತರಕ್ಕೆ ಮುಂಚೆಯೇ ಭಾಬಿಗೆ ನಿದ್ದೆ.
ಮಡಿಲಲ್ಲಿ ಖಾರ ಮಂಡಕ್ಕಿಯ ಪೊಟ್ಟಣ ಹಾಗೇ ಇತ್ತು.

ನಾನು ಕಾಯುತ್ತಿದ್ದೆ.

ಹೋದ ಮಾಗಿಯಲ್ಲಿ ಅವರು ನಮ್ಮ ಭಟ್ಟಿಗೆ ಬಂದಿದ್ದರು,
ಹೊಗೆ ಬೇಕು ಅಂತ.
"ಹೊಗಿಗೇನು ಬರ ಐತಾ ಇಲ್ಲಿ, ತಗೊಳ್ರಿ" ಅಂದ ಚಮನ್ ಭಾಯಿ,
ಎರಡು ಟೈರು ಹೆಚ್ಚಿಗೆ ಹಾಕಿದ.
ಒಂದು ರಾತ್ರಿಯ ಕತೆಗೆ ಹನ್ನೊಂದು ರಾತ್ರಿ ಬೇಕಂತೆ;
ನಮ್ಮ ಪಾಲಿಗೆ ಬಂದದ್ದು ಒಂದು.
ಹೀರೋಯಿನ್ನು ಕೆಮ್ಮುತ್ತ ಕೆಮ್ಮುತ್ತ
ಹನ್ನೆರಡು ಸಲ "ಸಮಯ ನಿಂತುಬಿಡ್ತು" ಅಂದಳು.
ಅಷ್ಟರಲ್ಲಿ ಮೂರು ಚೀಲ ಅಕ್ಕಿ ಸೀದಿತ್ತು.

ಎಲ್ಲರೂ ಟೀಗೆ ಹೋದಾಗ ಒಬ್ಬ ಉಳಿದ.
ಚಳ್ಳಕೆರೆಯ ತಿಪ್ಪೇಶ. ಕೈಯಲ್ಲಿ ಉದ್ದ ಕೋಲು,
ತುದಿಗೆ ಬೆಕ್ಕಿನ ಮರಿಯಂಥ ಮೈಕು.
"ಒಂದು ಸಲ ಅಕ್ಕಿ ಸುರೀರಿ. ಮಾತಾಡಬ್ಯಾಡ್ರಿ."
ಸುರಿದೆ.
ಕಾದ ಉಸುಕಿನಲ್ಲಿ ಅಕ್ಕಿ ಮೊದಲು ಸುಮ್ಮನಿರುತ್ತದೆ,
ಒಂದು ಉಸಿರಿನಷ್ಟು ಹೊತ್ತು.
ಆಮೇಲೆ ಒಂದು ಕಾಳು.
ಆಮೇಲೆ ಎಲ್ಲ.
ಅವನು ಕಣ್ಣು ಮುಚ್ಚಿದ್ದ.
ತನ್ನ ಕಿವಿಯದನ್ನು ತೆಗೆದು, ದುಪಟ್ಟದ ಮೇಲೆಯೇ,
ಬೆರಳು ತಾಗದ ಹಾಗೆ
ನನ್ನ ಕಿವಿಗಿಟ್ಟ.
ಹತ್ತೊಂಬತ್ತು ವರ್ಷ ಆ ಸದ್ದಿನೊಳಗೇ ಬೆಳೆದವಳು
ಅವತ್ತು ಕೇಳಿದೆ:
ನೂರು ಬಳೆ ಒಡೆದ ಹಾಗೆ,
ಯಾರೂ ಅಳದ ಹಾಗೆ.
ಅದರ ಹಿಂದೆ, ತೀರಾ ಹತ್ತಿರ, ಯಾರದೋ ಉಸಿರು.
ನನ್ನದು.
"ಅದನ್ನೂ ಹಿಡಿದೀನಿ" ಅಂದ.
ಅಷ್ಟೇ ಮಾತು. ಟೀ ಮುಗಿಸಿ ಎಲ್ಲರೂ ಬಂದರು.

ಬಂತು ಪರದೆಗೆ ನಮ್ಮ ಭಟ್ಟಿ.
ನಲವತ್ತು ಸೆಕೆಂಡು.
ಕಿತ್ತಳೆ ಬೆಂಕಿ, ನೀಲಿ ಹೊಗೆ, ಚಮನ್ ಭಾಯಿಯ ಬೆನ್ನು,
ಬಾಣಲೆ ತುಂಬ ಅರಳುತ್ತಿರುವ ಅಕ್ಕಿ,
ಮೇಲೆ ಗಿಟಾರು.
ಬರೀ ಗಿಟಾರು.

ಬೆಳಗಾಯಿತು. ಹುಡುಗ ಒಂದು ಪ್ಲಾಟ್‌ಫಾರ್ಮು, ಹುಡುಗಿ ಇನ್ನೊಂದು.
ಇಬ್ಬರೂ ಅತ್ತರು.
ನನಗೆ ಮೂರು ಚೀಲದ ದುಡ್ಡು ಬಾಕಿ ಇರುವುದು ನೆನಪಾಯಿತು.
ಲೈಟು ಹಾಕಿದರು, ಪೊರಕೆಯವನು ಬಂದ.
ಬಿಳಿಚಿದ ಪರದೆಯ ಮೇಲೆ ಹೆಸರುಗಳ ಓಟ:
ಊಟ, ವಾಹನ, ಜನರೇಟರು, ಕೃತಜ್ಞತೆಗಳು
(ನಾವಿಲ್ಲ),
ಧ್ವನಿ ಸಹಾಯ, ತಿಪ್ಪೇಶ್ ಟಿ.
"ಕಾಲು ಎತ್ರಕ್ಕಾ" ಅಂದ ಪೊರಕೆಯವನು.
ಎತ್ತಿದೆ.

ಹೊರಗೆ ಆಟೋದವನು ಇನ್ನೂರು ಕೇಳಿದ. ನಡೆದೆವು.
"ಹೆಂಗಿತ್ತೇ?" ಭಾಬಿಗೆ ಇನ್ನೂ ನಿದ್ದೆಗಣ್ಣು.
ಚೆನ್ನಾಗಿರಲಿಲ್ಲ, ಅಂದೆ.
ನಾಯಿಗಳು ಬೊಗಳಿದವು. ಬೀಟಿನವನು ನಿಲ್ಲಿಸಿದ,
ಭಟ್ಟಿಯವರು ಅಂದೆವು, ಬಿಟ್ಟ.
ಮೂರಕ್ಕೆ ಒಲೆ ಹಚ್ಚಬೇಕು.
ಎಲ್ಲೋ ಯಾವುದೋ ಡಬ್ಬಿಯಲ್ಲಿ ನನ್ನ ಉಸಿರಿದೆ,
ಜಾಗ ಸಾಲದೆ ಅಳಿಸಿದ್ದರೂ ಅಳಿಸಿರಬಹುದು.
ಪೊಟ್ಟಣ ಬಿಚ್ಚಿ ತಿನ್ನುತ್ತ ಹೋದೆವು.
ಮಂಡಕ್ಕಿ ಮೆತ್ತಗಾಗಿತ್ತು.